ಸ್ಕ್ವೂಶ್: ಒಂದು ಚಿತ್ರಕ್ಕೆ ಸೈ, ನೂರಕ್ಕೆ ಅಲ್ಲ

ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಹೊರತಂದ ಸ್ಕ್ವೂಶ್, ಚಿತ್ರಗಳನ್ನು ಹಿಂಡಿ ಫೈಲಿನ ಗಾತ್ರ ಇಳಿಸಲು ಬ್ರೌಸರಿನಲ್ಲೇ ತೆರೆದು ಬಳಸುವ ಉಚಿತ ಸಾಧನ. ಚಿತ್ರ ಯಾವ ಸರ್ವರಿಗೂ ಹೋಗುವುದಿಲ್ಲ, ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಒಮ್ಮೆ ತೆರೆದಿದ್ದರೆ ನೆಟ್ ಇಲ್ಲದಾಗಲೂ ಓಡುತ್ತದೆ. ಹಾಗೆಂದು ಏನೂ ಹೊರಹೋಗುವುದಿಲ್ಲ ಎಂದಲ್ಲ: ಭೇಟಿಯ ಸಾಮಾನ್ಯ ವಿವರ ಮತ್ತು ಹಿಂಡುವ ಮೊದಲು ಹಾಗೂ ನಂತರ ಚಿತ್ರದ ಗಾತ್ರ ಎಷ್ಟೆಂಬ ಅಂಕಿ, ಭೇಟಿಗಳ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ಗೆ ಹೋಗುತ್ತವೆ.

ಹೆಚ್ಚಿನವರು ಬಂದವರೇ ಫಾರ್ಮ್ಯಾಟ್ ಬದಲಿಸಲು ಹೋಗುತ್ತಾರೆ. ಮೊದಲು ಮುಟ್ಟಬೇಕಾದದ್ದು ಚಿತ್ರದ ಅಗಲ-ಎತ್ತರ ಬದಲಿಸುವ ರೀಸೈಜ್. ಮೊಬೈಲ್ ಫೋಟೊ 4000×3000, ಅಂದರೆ 1.2 ಕೋಟಿ ಪಿಕ್ಸೆಲ್. ಪುಟದಲ್ಲಿ ಅದಕ್ಕಿರುವ ಜಾಗ 800 ಪಿಕ್ಸೆಲ್ ಅಗಲ ಎಂದಿಟ್ಟುಕೊಳ್ಳಿ. ಒಳ್ಳೆಯ ಪರದೆಗಳಿಗಾಗಿ ಇಮ್ಮಡಿ ಕೊಟ್ಟರೂ 1600×1200 ಸಾಕು. ಅಲ್ಲಿಗೇ ಪಿಕ್ಸೆಲ್‌ಗಳು ಆರನೇ ಒಂದಕ್ಕಿಂತ ಕಡಿಮೆ. ಕಿರಿದಾಗಿಸುವ ವಿಧಾನ (ಮೆಥಡ್) ಮೊದಲೇ ಇರುವ ಲ್ಯಾಂಕ್‌ಜೋಸ್3 ಆಗಿಯೇ ಇರಲಿ. ಆಮೇಲೆ ಫಾರ್ಮ್ಯಾಟ್: ಮೋಜ್‌ಜೆಪೆಗ್ (ಜೆಪೆಗ್ ಫೈಲನ್ನೇ ಇನ್ನಷ್ಟು ಚಿಕ್ಕದಾಗಿ ಮಾಡುವ ಬಗೆ) ಅಥವಾ ವೆಬ್‌ಪಿ (ವೆಬ್‌ಗಾಗಿ ಗೂಗಲ್ ತಂದ ಚಿತ್ರದ ಫಾರ್ಮ್ಯಾಟ್), ಗುಣಮಟ್ಟ 75. ನಡುವಿನ ಗೆರೆಯನ್ನು ಅತ್ತಿತ್ತ ಎಳೆದು ಎರಡೂ ಬದಿ ಹೋಲಿಸುವುದೇ ಈ ಸಾಧನದ ನಿಜವಾದ ಬಲ. ನೋಡುವಾಗ 100% ಜೂಮ್‌ನಲ್ಲಿರಿ. 400%ರಲ್ಲಿ ಕಾಣುವ ಕಲೆಗಳನ್ನು ಓದುಗರು ಯಾರೂ ಕಾಣುವುದಿಲ್ಲ.

ಕನ್ನಡ ಅಕ್ಷರವಿರುವ ಪೋಸ್ಟರ್, ಆಮಂತ್ರಣ ಪತ್ರಿಕೆಗಳಲ್ಲಿ ಮಾತ್ರ ವೆಬ್‌ಪಿ ಕೈಕೊಡುತ್ತದೆ. ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರವಿದ್ದರೆ ಒತ್ತಕ್ಷರಗಳ ಸಣ್ಣ ಗೆರೆಗಳು ಕದಡಿಹೋಗುತ್ತವೆ. ಗುಣಮಟ್ಟ 90ಕ್ಕೆ ಏರಿಸಿದರೂ ಪೂರ್ತಿ ಸರಿಯಾಗದು. ಕಾರಣ, ಸಾಮಾನ್ಯ ವೆಬ್‌ಪಿ ಬಣ್ಣದ ಮಾಹಿತಿಯನ್ನು ಯಾವಾಗಲೂ ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸಿಯೇ ಉಳಿಸುತ್ತದೆ. ಇಂಥವಕ್ಕೆ ಮೋಜ್‌ಜೆಪೆಗ್ ಆರಿಸಿ, ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಆಟೊ ಸಬ್‌ಸ್ಯಾಂಪಲ್ ಕ್ರೋಮಾ (ಬಣ್ಣದ ಮಾಹಿತಿಯನ್ನು ತಾನಾಗಿ ಇಳಿಸುವ ಆಯ್ಕೆ) ತೆಗೆದು, ಆಗ ಕಾಣುವ ಅಂಕಿಯನ್ನು 1ಕ್ಕೆ ಇಡಿ; ಬಣ್ಣ ಪೂರ್ತಿ ಉಳಿಯುತ್ತದೆ. ಫೋಟೊ ಇಲ್ಲದ, ಬರೀ ಅಕ್ಷರ-ಬಣ್ಣದ ಪೋಸ್ಟರಾದರೆ, ಮಾಹಿತಿ ಏನನ್ನೂ ಕಳೆಯದ ಲಾಸ್‌ಲೆಸ್ ವೆಬ್‌ಪಿ ಇನ್ನೂ ಚೆನ್ನ.

ಲೋಗೊ, ಸ್ಕ್ರೀನ್‌ಶಾಟ್‌ಗಳಿಗೆ ಆಕ್ಸಿಪಿಎನ್‌ಜಿ (ಗುಣಮಟ್ಟ ಕೆಡಿಸದೆ ಪಿಎನ್‌ಜಿ ಫೈಲನ್ನು ಹಿಂಡುವ ಆಯ್ಕೆ) ಒಂದನ್ನೇ ನಂಬಿದರೆ ಉಳಿತಾಯ ಅಷ್ಟಕ್ಕಷ್ಟೆ. ರೆಡ್ಯೂಸ್ ಪ್ಯಾಲೆಟ್ ಆನ್ ಮಾಡಿ ಬಣ್ಣಗಳ ಸಂಖ್ಯೆಯನ್ನು 64ಕ್ಕೋ 32ಕ್ಕೋ ಇಳಿಸಿ, ಡಿದರಿಂಗ್ (ಇಲ್ಲದ ಬಣ್ಣವನ್ನು ಚುಕ್ಕಿ ಬೆರೆಸಿ ತೋರಿಸುವುದು) ಸೊನ್ನೆಗೆ ತನ್ನಿ. ಡಿದರಿಂಗ್ ಚುಕ್ಕಿಗಳು ಸಪಾಟು ಬಣ್ಣವನ್ನು ಒಡೆದು ಫೈಲನ್ನು ಮತ್ತೆ ಉಬ್ಬಿಸುತ್ತವೆ.

ಎವಿಫ್ ಎಂಬ ಹೊಸ ಫಾರ್ಮ್ಯಾಟ್ ಫೋಟೊಗಳನ್ನು ಇನ್ನಷ್ಟು ಹಿಂಡುತ್ತದೆ, ಆದರೆ ಎಷ್ಟು ಶ್ರಮ ಹಾಕಿ ಹಿಂಡಬೇಕೆಂದು ಹೇಳುವ ಎಫರ್ಟ್ ಏರಿಸಿದರೆ ಹಳೆಯ ಲ್ಯಾಪ್‌ಟಾಪಿನ ಫ್ಯಾನ್ ಕೂಗತೊಡಗುತ್ತದೆ. ಎವಿಫ್‌ನ ಗುಣಮಟ್ಟ 50 ಎಂದರೆ ಜೆಪೆಗ್‌ನ 50 ಅಲ್ಲ, ಅಂಕಿ ಬಿಟ್ಟು ಕಣ್ಣನ್ನೇ ನಂಬಿ. ಸಫಾರಿಗೆ ಎವಿಫ್ ಬಂದದ್ದು 2022ರಲ್ಲಿ, ಎಡ್ಜ್‌ಗೆ 2024ರಲ್ಲಿ. ಹಳೆಯ ಫೋನ್‌ಗಳ ಓದುಗರಿದ್ದರೆ ಜೊತೆಗೊಂದು ಜೆಪೆಗ್ ಇರಲೇಬೇಕು.

ಕೊರತೆಗಳೂ ಇವೆ. ಜಿಫ್ ಹಾಕಿದರೆ ಮೊದಲ ಚಿತ್ರವಷ್ಟೇ ಉಳಿಯುತ್ತದೆ. ಐಫೋನಿನ ಹೀಕ್ (HEIC) ಫೋಟೊ ಫೈಲು ಕ್ರೋಮ್‌ನಲ್ಲಿ ತೆರೆಯದು. ಎಕ್ಸಿಫ್ (ಫೋಟೊದೊಳಗೆ ಅಡಗಿರುವ ವಿವರ) ಮಾಹಿತಿ ಪೂರಾ ಅಳಿಯುತ್ತದೆ: ಜಿಪಿಎಸ್ ಹೋದದ್ದು ಒಳ್ಳೆಯದೇ, ಛಾಯಾಗ್ರಾಹಕರ ಹೆಸರೂ ಅದರೊಂದಿಗೇ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ, ಆಗಲೇ ಹಿಂಡಿದ ಚಿತ್ರ ಕೊಟ್ಟರೆ ಕೆಲವೊಮ್ಮೆ ಹೊಸ ಫೈಲೇ ದೊಡ್ಡದಾಗುತ್ತದೆ; ಮೂಲ ಫೋಟೊ ತರಿಸಿಕೊಳ್ಳಿ.

ದೊಡ್ಡ ತೊಡಕು, ಒಂದು ಸಲಕ್ಕೆ ಒಂದೇ ಚಿತ್ರ. ಆದೇಶ ಟೈಪ್ ಮಾಡಿ ಓಡಿಸುವ ಕಮಾಂಡ್ ಲೈನ್ ಆವೃತ್ತಿಯೊಂದಿತ್ತು, ಅದರ ನಿರ್ವಹಣೆ ನಿಂತುಹೋಗಿದೆ. ಹಳೆಯ ಲೇಖನಗಳನ್ನು ನೋಡಿ ಅದನ್ನು ಹಾಕಿಕೊಳ್ಳಬೇಡಿ. ರಾಶಿ ಚಿತ್ರಗಳಿದ್ದರೆ ಫೋಟೊ, ಪೋಸ್ಟರ್, ಲೋಗೊ ಎಂದು ಬೇರ್ಪಡಿಸಿ, ಪ್ರತಿ ಗುಂಪಿನ ಎರಡು ಮೂರನ್ನು ಸ್ಕ್ವೂಶ್‌ನಲ್ಲಿ ನೋಡಿ ಅಂಕಿ ಗೊತ್ತುಮಾಡಿಕೊಳ್ಳಿ. ಉಳಿದದ್ದನ್ನು ಅದೇ ಅಂಕಿ ಕೊಟ್ಟು ರಾಶಿ ಚಿತ್ರಗಳನ್ನು ಒಟ್ಟಿಗೆ ಹಿಂಡಲು ಬಳಸುವ ಶಾರ್ಪ್ (sharp) ಅಥವಾ ಸಿವೆಬ್‌ಪಿ (cwebp) ಸಾಧನಗಳಿಗೆ ಒಪ್ಪಿಸಿ.