ಡಬ್ಬದ ಮೇಲಿನ 4ಕೆ ನಂಬಿ ಕೆಟ್ಟೆ: ಮೊದಲ ಕ್ಯಾಮೆರಾ ಕೊಳ್ಳುವವರು ಓದಿ

ಕಿರುಚಿತ್ರಕ್ಕೆಂದು ಕೂಡಿಟ್ಟ ದುಡ್ಡಿನ ಮುಕ್ಕಾಲು ಪಾಲನ್ನು ಒಂದು ಕ್ಯಾಮೆರಾದ ‘ಬಾಡಿ’ಗೆ ಸುರಿದೆ. ಬಾಡಿಗೆಗೆ ತಂದಿದ್ದರೆ ಬಚಾವಾಗುತ್ತಿದ್ದೆ, ಅದು ಬೇರೆ ಮಾತು. ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್, ಜೊತೆಗೆ 18-55 ಎಂಎಂ ಕಿಟ್ ಲೆನ್ಸ್ (ಅಂಕಿ ಚಿಕ್ಕದಾದಷ್ಟೂ ನೋಟ ಅಗಲ), ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ. ಮಾಡೆಲ್ ಯಾವುದು ಅಂತ ಮಾತ್ರ ಕೇಳಬೇಡಿ. ಈ ಹುಳುಕು ಕಡಿಮೆ ಬೆಲೆಯ ಬೇರೆ ಕ್ಯಾಮೆರಾಗಳಲ್ಲೂ ಇದೆ. ಹೆಸರು ಹೇಳಿದರೆ ನೀವು ಅದೊಂದನ್ನು ಬಿಟ್ಟು ಅದರ ತಮ್ಮನನ್ನು ಕೊಂಡು ತರುತ್ತೀರಿ.

ಮೊದಲ ದಿನದ ಶೂಟಿಂಗ್. ಸಣ್ಣ ಕೋಣೆ, ಮೇಜಿನ ಆಚೆ ಈಚೆ ಅಪ್ಪ, ಮಗಳು. ಹಿಂದಿನ ದಿನ ಅದೇ ಕೋಣೆಯಲ್ಲಿ ಸ್ಟಿಲ್ ತೆಗೆದು ಫ್ರೇಮ್ ಗೊತ್ತು ಮಾಡಿಕೊಂಡಿದ್ದೆ. ಇಬ್ಬರ ಜೊತೆ ಹಿಂದಿನ ಕಿಟಕಿಯೂ ಆರಾಮಾಗಿ ಹಿಡಿಸಿತ್ತು. ಬೆಳಗ್ಗೆ 4ಕೆಗೆ ತಿರುಗಿಸಿದೆ ನೋಡಿ, ಪರದೆಯ ಮೇಲಿನ ಚಿತ್ರ ತಟ್ಟನೆ ಹತ್ತಿರಕ್ಕೆ ಜಿಗಿಯಿತು. ಕಿಟಕಿ ಮಾಯ. ಒಂದಂಚಿನಲ್ಲಿ ಅಪ್ಪನ ಅರ್ಧ ಕಿವಿ, ಇನ್ನೊಂದಂಚಿನಲ್ಲಿ ಮಗಳ ಮೂಗು. ಝೂಮ್ ಸರಿದಿದೆಯೇನೋ ಎಂದು ಲೆನ್ಸ್ ನೋಡಿದರೆ ಅದು 18ರಲ್ಲೇ ಕೂತಿದೆ. ಹಿಂದೆ ಸರಿದೆ, ಬೆನ್ನು ಗೋಡೆಗೆ ತಾಗಿತು. ಟ್ರೈಪಾಡ್‌ನ ಒಂದು ಕಾಲನ್ನು ಮಂಚದ ಮೇಲಿಟ್ಟು, ಬಾಗಿಲು ತೆಗೆದು ಹೊಸ್ತಿಲಿನಾಚೆ ನಿಂತರೂ ಇಬ್ಬರೂ ಒಂದೇ ಫ್ರೇಮಿಗೆ ಬರಲಿಲ್ಲ.

ರಾತ್ರಿ ಮ್ಯಾನ್ಯುಯಲ್ ತೆರೆದಾಗ ಗುಟ್ಟು ಸಿಕ್ಕಿತು. ಆ ಕ್ಯಾಮೆರಾ 4ಕೆಯಲ್ಲಿ ಇಡೀ ಸೆನ್ಸರನ್ನು (ಬೆಳಕು ಹಿಡಿಯುವ ಚಿಪ್) ಬಳಸುವುದೇ ಇಲ್ಲ, ನಡುವಿನ ತುಂಡನ್ನಷ್ಟೇ ಓದುತ್ತದೆ. ಫುಲ್ ಫ್ರೇಮ್‌ಗಿಂತ (35 ಎಂಎಂ ಫಿಲ್ಮಿನ ಗಾತ್ರದ ಸೆನ್ಸರ್‌ಗಿಂತ) ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದ್ದರಿಂದ ಮೊದಲೇ 1.6 ಪಟ್ಟು ಕ್ರಾಪ್ (ಅಂಚು ಕತ್ತರಿಸುವುದು), ಅದರ ಮೇಲೆ ಇನ್ನೂ ಒಂದೂವರೆ ಪಟ್ಟಿಗೂ ಚೂರು ಹೆಚ್ಚು. ಎರಡೂ ಸೇರಿ ಎರಡೂವರೆ. ಅಂದರೆ ನನ್ನ 18 ಎಂಎಂ ವೈಡ್ ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ 45 ಎಂಎಂ. ಸಾಲದ್ದಕ್ಕೆ, 4ಕೆಗೆ ಹೋದ ಕೂಡಲೇ ಸರಕ್ಕನೆ ಫೋಕಸ್ ಹಿಡಿಯುವ ಫೇಸ್ ಡಿಟೆಕ್ಟ್ (ಮುಖದ face ಅಲ್ಲ, phase) ಆಟೋಫೋಕಸ್ ಬಂದ್. ಉಳಿದದ್ದು ಕಾಂಟ್ರಾಸ್ಟ್ ನೋಡಿ ತಡಕಾಡುವ ಹಳೇ ಪದ್ಧತಿ. ಮಗಳು ಮುಂದಕ್ಕೆ ಬಾಗಿದಾಗಲೆಲ್ಲ ಫೋಕಸ್ ಗೋಡೆಯ ಕ್ಯಾಲೆಂಡರಿಗೆ ಹೋಗಿ ಬರುತ್ತಿತ್ತು.

ಇದೆಲ್ಲ ಕಂಪನಿಯ ಸ್ಪೆಸಿಫಿಕೇಶನ್ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿರಲಿಲ್ಲ, ತಪ್ಪು ನನ್ನದೇ. ಆದರೆ ವಿಮರ್ಶೆಯ ವೀಡಿಯೋ ಮಾಡಿದವರೊಬ್ಬರಾದರೂ ಬಾಯಿಬಿಡಬಹುದಿತ್ತು.

ಇನ್ನು ಸೌಂಡ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನೋದು ನನ್ನಂಥವರಿಗೇ ಇರಬೇಕು. ‘ಬಾಡಿ’ಗೆ ಅಷ್ಟು ಸುರಿದು, ಮೈಕಿಗೆ ಮೊಬೈಲ್‌ಗೆಂದು ಕೊಂಡಿದ್ದ ಕಾಲರ್ ಮೈಕನ್ನೇ ಚುಚ್ಚಿದೆ. ಅದರ ಪಿನ್ ಹಿಡಿದು ನೋಡಿ: ಮೂರು ಕಪ್ಪು ಗೆರೆ ಇದ್ದರೆ ಅದು ಫೋನಿನದು, ಎರಡಿದ್ದರೆ ಕ್ಯಾಮೆರಾದ್ದು. ಎರಡೂ 3.5 ಎಂಎಂ ಆದ್ದರಿಂದ ತೂತಿಗೆ ಸರಿಯಾಗಿ ಕೂರುತ್ತವೆ, ಒಳಗಿನ ಸಂಪರ್ಕ ಮಾತ್ರ ಬೇರೆ. ಮೀಟರ್ ಕುಣಿಯುತ್ತಿತ್ತು, ಮಾತು ಬೀಳುತ್ತಿದೆ ಅಂದುಕೊಂಡೆ. ಕ್ಯಾಮೆರಾದಲ್ಲಿ ಹೆಡ್‌ಫೋನ್ ಜ್ಯಾಕ್ ಇರಲಿಲ್ಲ, ಹಾಗಾಗಿ ಕೇಳಿ ನೋಡುವ ದಾರಿಯೂ ಇರಲಿಲ್ಲ. ಸಂಜೆ ಲ್ಯಾಪ್‌ಟಾಪಿಗೆ ಹಾಕಿದರೆ ಮೂರೂವರೆ ಗಂಟೆ ಬರೀ ಗುಂಯ್‌ಗುಟ್ಟುವ ಸದ್ದು, ಅದರ ಅಡಿಯಲ್ಲಿ ಎಲ್ಲೋ ಬಾವಿಯೊಳಗಿಂದ ಬಂದಂತೆ ಅಪ್ಪನ ಧ್ವನಿ. ಚಿತ್ರ ಮಸುಕಾಗಿದ್ದರೆ ಸ್ಟೈಲ್ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಮಾತು ಕೇಳಿಸದಿದ್ದರೆ ನೋಡುವವರು ಎದ್ದು ಹೋಗುತ್ತಾರೆ. ಮೈಕ್ ಜ್ಯಾಕ್, ಹೆಡ್‌ಫೋನ್ ಜ್ಯಾಕ್ ಎರಡೂ ಇಲ್ಲದ ಬಾಡಿಯನ್ನು ಈಗ ಪುಕ್ಕಟೆ ಕೊಟ್ಟರೂ ಯೋಚಿಸುತ್ತೇನೆ. ಅಥವಾ ಬೇರೆ ರೆಕಾರ್ಡರ್ ಇಟ್ಟುಕೊಂಡು, ಪ್ರತಿ ಟೇಕಿಗೂ ಚಪ್ಪಾಳೆ ತಟ್ಟಿ ಎಡಿಟಿಂಗ್‌ನಲ್ಲಿ ಜೋಡಿಸಬೇಕು.

ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲೂ ಬಕರಾ ಆದೆ. ಶಟರ್ ಕೌಂಟ್ (ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ) ಆರು ಸಾವಿರ ಚಿಲ್ಲರೆ ಅಂತ ತೋರಿಸಿದರು. ಹೊಸದೇ ಬಿಡು ಅಂದುಕೊಂಡೆ. ವೀಡಿಯೋ ತೆಗೆಯುವಾಗ ಶಟರ್ ತೆರೆದೇ ಇರುತ್ತದೆ. ಸಾವಿರ ಗಂಟೆ ಓಡಿಸಿದರೂ ಆ ಲೆಕ್ಕ ಏರುವುದಿಲ್ಲ. ಕತ್ತಲ ದೃಶ್ಯದಲ್ಲಿ ಏಳೆಂಟು ಕೆಂಪು ಚುಕ್ಕೆ (ಕೆಟ್ಟ ಪಿಕ್ಸೆಲ್) ಮಿನುಗಿದಾಗಲೇ ಇದು ಹೊಳೆದದ್ದು. ಮುಚ್ಚಳ ಹಾಕಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200 ಇಟ್ಟು, ಒಂದು ನಿಮಿಷ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿದ್ದರೆ ಕೊಳ್ಳುವ ಮೊದಲೇ ಕಾಣುತ್ತಿತ್ತು. ಕಾರ್ಯಕ್ರಮಗಳ ಲೇಸರ್ ಲೈಟಿಗೆ ಮೈಯೊಡ್ಡಿದ ಕ್ಯಾಮೆರಾ ಆಗಿದ್ದರೆ ಚುಕ್ಕೆಯ ಬದಲು ಉದ್ದದ ಗೆರೆಯೇ ಬೀಳಬಹುದು. ಎಚ್‌ಡಿಎಂಐ ತೂತಿಗೆ ಕೇಬಲ್ ಹಾಕಿ ಅಲುಗಿಸಿಯೂ ನೋಡಿ. ಲೆನ್ಸ್‌ನ ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗಿನ ಫಂಗಸ್ ಜೇಡರ ಬಲೆಯಂತೆ ಕಾಣುತ್ತದೆ.

ಮೆಮೊರಿ ಕಾರ್ಡ್‌ನಲ್ಲಿ ನಕಲಿ ಬಹಳ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ಹಳೇ ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ನಿಂತರೆ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅದು ಯುರೋಪಿನ ಸುಂಕ ತಪ್ಪಿಸಲು ಕಂಪನಿಗಳು ಹಾಕಿಕೊಂಡಿದ್ದ ಮಿತಿ. 8 ಬಿಟ್ ಕ್ಯಾಮೆರಾದಲ್ಲಿ ಲಾಗ್ (ಆಮೇಲೆ ಗ್ರೇಡಿಂಗ್‌ನಲ್ಲಿ ಬಣ್ಣ ತಿದ್ದಲೆಂದು ಸಪ್ಪೆಯಾಗಿ ಹಿಡಿಯುವ ಮೋಡ್) ಆಸೆಗೆ ಬೀಳಬೇಡಿ: ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಷ್ಟೇ, ಗ್ರೇಡಿಂಗ್‌ನಲ್ಲಿ ಎಳೆದಾಡಿದರೆ ಆಕಾಶ ಪಟ್ಟೆಪಟ್ಟೆ. ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್‌ಗೆ ದುಡ್ಡು ಎತ್ತಿಡಿ. ಸುಡು ಬಿಸಿಲಲ್ಲಿ ಶಟರ್ 1/50 ಇಟ್ಟರೆ ಐಎಸ್‌ಒ 100ರಲ್ಲೂ ಅಪರ್ಚರ್ (ಬೆಳಕಿನ ಕಿಂಡಿ) ತೀರಾ ಕಿರಿದಾಗಿ ಎಫ್/22ಕ್ಕೆ ಓಡುತ್ತದೆ.

ಈಗ ನಾನು ಅದೇ ಕ್ಯಾಮೆರಾದಲ್ಲಿ 1080ಪಿಯಲ್ಲಿ (ಫುಲ್ ಎಚ್‌ಡಿ) ತೆಗೆಯುತ್ತೇನೆ. ಇಡೀ ಸೆನ್ಸರ್ ಅಗಲ ಸಿಗುತ್ತದೆ, ಆಟೋಫೋಕಸ್ ಮಾತು ಕೇಳುತ್ತದೆ. 2010ರಲ್ಲಿ ಬಂದ, ದೊಡ್ಡ ಸಿನಿಮಾದವರು ಬಳಸಿದ ಆರಿ ಅಲೆಕ್ಸಾ 4ಕೆ ಕ್ಯಾಮೆರಾ ಆಗಿರಲೇ ಇಲ್ಲ; ಅದರಲ್ಲಿ ತೆಗೆದ ಸಿನಿಮಾಗಳನ್ನು ಥಿಯೇಟರಿನಲ್ಲಿ ಕೂತು ನೋಡಿ ಬಂದ ನಾನೇ 4ಕೆ, 4ಕೆ ಎಂದು ಬಡಕೊಂಡಿದ್ದೆ. ನೀವು ಯಾವುದನ್ನೇ ಕೊಳ್ಳುವುದಿದ್ದರೂ ಅದೇ ಮಾಡೆಲನ್ನು ಒಂದು ದಿನ ಬಾಡಿಗೆಗೆ ತಂದು, ನಿಮ್ಮದೇ ಕೋಣೆಯಲ್ಲಿ, ನಿಮ್ಮದೇ ಮೈಕಿನಲ್ಲಿ, ನೀವು ಬಳಸಲಿರುವ ಮೋಡ್‌ನಲ್ಲೇ ಒಂದು ದೃಶ್ಯ ತೆಗೆದು ನೋಡಿ.

ನನ್ನ ಅಪ್ಪ-ಮಗಳ ದೃಶ್ಯ ಇನ್ನೂ ಬಾಕಿ ಇದೆ. ಮರುದಿನ ಫೋನ್ ಮಾಡುವಷ್ಟರಲ್ಲಿ ಅಪ್ಪನ ಪಾತ್ರದವರು ಮೀಸೆ ಬೋಳಿಸಿಬಿಟ್ಟಿದ್ದರು.