ಮಲೆನಾಡಿನ ಅಡಿಕೆ ವಾಟ್ಸಾಪ್ ಗುಂಪು: ವಿಷಯ ಬಿಟ್ಟು ಕೇಳಿದವರಿಗೆ ಸಿಗುವ ಉತ್ತರ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಳೆಗಾರರೇ ತುಂಬಿರುವ ಗುಂಪು. ಹಲವು ಮಳೆಗಾಲ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಸೇರುವ ಕ್ರಮ, ನಿಯಮಗಳೆಲ್ಲ ಗುಂಪಿನ ವಿವರಣೆಯಲ್ಲೇ ಇವೆ, ಅದನ್ನು ಬಿಡುತ್ತೇನೆ.

ಬೆಳಿಗ್ಗೆ ಇದನ್ನು ತೆರೆಯುವುದೇ ಒಂದು ಖುಷಿ. ಆಷಾಢದಲ್ಲಿ ಕಾಫಿ ಹೊತ್ತಿಗೆ ಮಳೆ ಲೆಕ್ಕ ಬೀಳಲು ಶುರು: ಊರಿನ ಹೆಸರು, ಪಕ್ಕದಲ್ಲಿ ಮಿಲಿಮೀಟರ್, ಅಷ್ಟೇ. ಹಿಂದೆಯೇ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳ ಧಾರಣೆ. ಮಳೆ ಎರಡು ದಿನ ಹೊಳವಾಗುವ ಸೂಚನೆ ಕಂಡರೆ ಔಷಧಿ ಹೊಡೆಯುವವರು ಎಲ್ಲಿ ಸಿಗುತ್ತಾರೆಂಬ ವಿಚಾರಣೆ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಪ್ರಶ್ನೆಗೆ ಇಲ್ಲಿ ಸಿಗುವಷ್ಟು ಚೊಕ್ಕ ಉತ್ತರ ಬೇರೆಡೆ ಕಂಡಿಲ್ಲ. ಬೋರ್ಡೊ ದ್ರಾವಣಕ್ಕೆ 100 ಲೀಟರಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ. ಎರಡನ್ನೂ 50–50 ಲೀಟರಿನಲ್ಲಿ ಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕಲಕುತ್ತಾ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು. ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಬಿಡಿ ತಾಮ್ರ ಎಲೆ, ಕಾಯಿ ಸುಡುತ್ತದೆ. ಮಾಡಿದ ದ್ರಾವಣ ಅದೇ ದಿನ ಮುಗಿಯಬೇಕು. ಮೊದಲ ಸಿಂಪರಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಕೇಳಿದವರು ಯಾರೇ ಆಗಿರಲಿ, ಇಷ್ಟೂ ಬರುತ್ತದೆ.

ಇದೇ ಜನ ಹೊಸಬರು ಬೇರೆ ಏನಾದರೂ ಕೇಳಿದರೆ ಬದಲಾಗುತ್ತಾರೆ. ‘ಇದು ಅಡಿಕೆ ಗುಂಪು, ಬೇರೆ ವಿಷಯ ಬೇಡ’ ಎಂಬ ಒಂದು ಸಾಲು, ಆಮೇಲೆ ಮೌನ. ಕೇಳಿದವರು ಮತ್ತೆ ಬಾಯಿ ಬಿಡುವುದಿಲ್ಲ. ಕೆಲವರು ಆ ರಾತ್ರಿಯೇ ಗುಂಪು ಬಿಡುತ್ತಾರೆ.

ಅಸಲಿಗೆ ಹೊರಗಿನದು ಅಂತ ತಳ್ಳಿದ ಎಷ್ಟೋ ಪ್ರಶ್ನೆಗಳು ಹೊರಗಿನವಲ್ಲ. ಕಾಳುಮೆಣಸಿನ ಬಳ್ಳಿ ಸೊರಗುತ್ತಿದೆ ಎಂದು ಕೇಳಿದವರನ್ನು ಗದರಿಸಿದ್ದು ನೋಡಿ ಬೇಸರವಾಯಿತು. ಬಳ್ಳಿ ಹಬ್ಬಿರುವುದು ಅಡಿಕೆ ಮರಕ್ಕೇ. ಬಳ್ಳಿಯ ಶೀಘ್ರ ಸೊರಗು ರೋಗಕ್ಕೂ ಅಡಿಕೆಯ ಕೊಳೆಗೂ ಕಾರಣ ಫೈಟಾಫ್ತೊರಾ ಕುಲದ ರೋಗಾಣು, ಪ್ರಭೇದ ಮಾತ್ರ ಬೇರೆ. ಕೊಳೆಗೆ ಮಾಡಿದ ಅದೇ ಶೇ. 1ರ ಬೋರ್ಡೊ ಬಳ್ಳಿಯ ಎಲೆಗೂ ಆಗುತ್ತದೆ. ಬುಡಕ್ಕೆ ಮಾತ್ರ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 2 ಗ್ರಾಂನಂತೆ, ಬಳ್ಳಿಗೆ 5ರಿಂದ 10 ಲೀಟರ್ ಹೊಯ್ಯಬೇಕು. ಬುಡದಲ್ಲಿ ನೀರು ನಿಂತರೆ ಯಾವ ಔಷಧಿಯೂ ಉಳಿಸುವುದಿಲ್ಲ, ಮೊದಲು ಬಸಿಗಾಲುವೆ ಬಿಡಿಸಬೇಕು. ಗದರುವ ಹೊತ್ತಿನಲ್ಲಿ ಇದನ್ನೇ ಹೇಳಬಹುದಿತ್ತು.

ಇನ್ನೊಂದು ಇದಕ್ಕಿಂತ ಗಂಭೀರ. ‘ತೋಟದ ಅಂಚಲ್ಲಿ ಮಂಗ ಸತ್ತು ಬಿದ್ದಿದೆ, ಹೂಳಬಹುದಾ?’ ಎಂಬ ಪ್ರಶ್ನೆಗೂ ಅದೇ ಸಿದ್ಧ ಸಾಲು ಬಿತ್ತು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಸೀಮೆಯಲ್ಲಿ ಹೀಗಾಗಬಾರದು. ಮಂಗ ಸತ್ತಾಗ ಈ ಕಾಯಿಲೆ ಹರಡುವ ಉಣುಗು ಆ ಮೈಬಿಟ್ಟು ಇಳಿಯುತ್ತವೆ, ಹತ್ತಿರ ಹೋದವರಿಗೆ ಹತ್ತುತ್ತವೆ. ಮುಟ್ಟಬೇಡಿ, ದನವನ್ನೂ ಆ ಕಡೆ ಬಿಡಬೇಡಿ, ಈಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಎಂದು ಯಾರಾದರೂ ಹೇಳಬೇಕಿತ್ತು.

ಹಾಗಂತ ಬಿಗಿಗೆ ಕಾರಣವೇ ಇಲ್ಲ ಎನ್ನಲಾರೆ. ಔಷಧಿ ಹೊಡೆಯುವ ವಾರದಲ್ಲಿ ಪಹಣಿ, ಪಂಪ್‌ಸೆಟ್, ಮದುವೆ ಹಾಲ್ ಅಂತ ಸಂದೇಶ ಸುರಿದರೆ ಕಾಯಿ ಉದುರುತ್ತಿರುವವರ ಫೋಟೋ ಮೇಲಕ್ಕೆ ಸರಿದು ಮರೆಯಾಗುತ್ತದೆ. ಉತ್ತರ ಕೊಡುವವರಿಗೂ ಸ್ವಂತ ತೋಟವಿದೆ. ಗೊತ್ತಿಲ್ಲದ್ದಕ್ಕೆ ಕೈಹಾಕಿದರೆ ಅಪಾಯವೂ ಉಂಟು. ಹೊಟ್ಟೆ ಉಬ್ಬರಿಸಿ ಮಲಗಿದ ಹಸುವಿಗೆ ಎಣ್ಣೆ ಕುಡಿಸಿ ಎಂದು ಅಡಿಕೆ ಬಲ್ಲವರು ಹೇಳಿಬಿಟ್ಟರೆ, ಅದು ಶ್ವಾಸಕೋಶಕ್ಕೆ ಹೋಗಿ ಹಸು ಕೈತಪ್ಪಬಹುದು. ಅಂಥ ಕಡೆ ಸುಮ್ಮನಿರುವುದೇ ಸರಿ, ಆದರೆ ‘1962ಕ್ಕೆ ಫೋನ್ ಮಾಡಿ, ಪಶು ವೈದ್ಯರ ಗಾಡಿ ಕೇಳಿ’ ಎಂದು ಹೇಳಿ ಸುಮ್ಮನಿರಬೇಕು. ಈಚೆಗೆ ಹಿರಿಯ ಸದಸ್ಯರೊಬ್ಬರು ಹಾಗೇ ಮಾಡುತ್ತಿದ್ದಾರೆ. ಪಹಣಿಗೆ ನಾಡಕಚೇರಿ, ಎಲೆಚುಕ್ಕಿ ರೋಗದ ಮಾದರಿ ತೋರಿಸಲು ಶಿವಮೊಗ್ಗದ ನವಿಲೆ ಕೃಷಿ ಕಾಲೇಜು, ಹೀಗೆ ಒಂದೇ ಸಾಲು. ಅವರು ದಾರಿ ತೋರಿಸಿದವರು ಗುಂಪಿನಲ್ಲೇ ಉಳಿದಿದ್ದಾರೆ, ಅಡಿಕೆಯ ಪ್ರಶ್ನೆಯನ್ನೂ ಕೇಳುತ್ತಿದ್ದಾರೆ.

ಖರ್ಚು ಡೇಟಾದ್ದು ಮಾತ್ರ. ಸಣ್ಣ ಹಿಡುವಳಿಯವರಿಗೆ ಸಲಹೆಗಾರರನ್ನು ತೋಟಕ್ಕೆ ಕರೆಸುವುದಕ್ಕಿಂತ ಇದೇ ವಾಸಿ. ಸಿಗ್ನಲ್ ಒಂದೇ ಗೆರೆ ಇರುವ ಕಡೆ ಉದ್ದನೆ ವಾಯ್ಸ್ ಮೆಸೇಜ್ ಇಳಿಯುವುದಿಲ್ಲ, ಬರೆದು ಹಾಕುವವರನ್ನು ನೆಚ್ಚಿಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ, ಕಳೆದದ್ದು ಪೂರ್ತಿ ಆ ಸಿದ್ಧ ಸಾಲಿಗೆ.

ಹೊಸದಾಗಿ ಸೇರುವವರು ಮೊದಲ ಸಂದೇಶದಲ್ಲೇ ಊರು, ಮರದ ವಯಸ್ಸು, ಕೊನೆಯ ಸಿಂಪರಣೆ ಯಾವಾಗ ಏನು ಎಂಬುದನ್ನು ಬರೆದು, ಎಲೆಯ ಮೇಲ್ಮೈ, ಅಡಿಭಾಗ ಎರಡರದ್ದೂ ಹಗಲು ಬೆಳಕಿನ ಫೋಟೋ ಹಾಕಿ. ಮೆಣಸಿನ ಪ್ರಶ್ನೆಯಾದರೆ ಬಳ್ಳಿ ಅಡಿಕೆ ಮರದ ಮೇಲಿದೆ ಎಂದು ಮೊದಲೇ ಹೇಳಿಬಿಡಿ.