ಹುಲಿ ಎಣಿಕೆಗೆ ಬಿಳಿ ಫ್ಲ್ಯಾಶಿನ ಕ್ಯಾಮೆರಾ ಟ್ರ್ಯಾಪ್: ಕೊಳ್ಳುವ ಮುನ್ನ ನೋಡಬೇಕಾದ್ದು

ಪ್ರಾಣಿ ಎದುರಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ. ಕಾಡಿನ ಕೆಲಸಕ್ಕೆ ಅದನ್ನು ಕೊನೆಗೆ ಕೇಳಿದರೆ ಸಾಕು. ರಾತ್ರಿ ಯಾವ ಬೆಳಕು ಹೊಡೆಯುತ್ತದೆ, ಪ್ರಾಣಿ ಎದುರಾದ ಎಷ್ಟು ಹೊತ್ತಿಗೆ ಫೋಟೊ ಬೀಳುತ್ತದೆ, ಮುಚ್ಚಳದ ರಬ್ಬರ್ ಬಿಗಿಯಾಗಿದೆಯೇ ಎಂಬ ಮೂರು ಪ್ರಶ್ನೆಗಳೇ ಮುಖ್ಯ.

ಹುಲಿಗೆ ಬಿಳಿ ಬೆಳಕಿನ ಜೆನಾನ್ ಫ್ಲ್ಯಾಶೇ ಆಗಬೇಕು. ಹುಲಿ ಎಣಿಸುವುದೆಂದರೆ ಪಟ್ಟೆ ಓದುವುದು. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ಒಂದೇ ಹುಲಿಯ ಎಡಮಗ್ಗುಲಿಗೂ ಬಲಮಗ್ಗುಲಿಗೂ ಹೋಲಿಕೆಯಿಲ್ಲ. ಜೆನಾನ್ ಬೆಳಕು ಕ್ಷಣಮಾತ್ರ ಮಿಂಚುವುದರಿಂದ ನಡೆಯುತ್ತಿರುವ ಹುಲಿಯ ಪಟ್ಟೆಯೂ ಕದಡದೆ ಮೂಡುತ್ತದೆ. ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಬಹುತೇಕ ಕಾಣದ ಬೆಳಕು ಹೊಡೆಯುವ ಕ್ಯಾಮೆರಾದ ರಾತ್ರಿ ಚಿತ್ರ ಕಪ್ಪು ಬಿಳುಪು, ಷಟರ್ ನಿಧಾನ. ಹುಲಿ ಹೋದದ್ದು ತಿಳಿಯುತ್ತದೆ, ಯಾವ ಹುಲಿ ಎಂಬುದು ಎಷ್ಟೋ ಸಲ ತಿಳಿಯುವುದಿಲ್ಲ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ತೋರಿಸಿಕೊಟ್ಟ ವಿಧಾನದ ಬುಡ ಈ ಪಟ್ಟೆ ಗುರುತೇ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳ ಅಂದಾಜು ಬಂದದ್ದೂ ಇದೇ ಬಗೆಯ ಚಿತ್ರಗಳ ಆಧಾರದ ಮೇಲೆ.

ಜೆನಾನಿನ ಕೊರತೆಯೂ ಸಣ್ಣದಲ್ಲ. ಒಮ್ಮೆ ಮಿಂಚಿದ ಮೇಲೆ ಮತ್ತೆ ಚಾರ್ಜ್ ಆಗುವಷ್ಟರಲ್ಲಿ ತಾಯಿಯ ಹಿಂದಿನ ಮರಿಗಳು ದಾಟಿ ಹೋಗಿರುತ್ತವೆ. ಬ್ಯಾಟರಿ ಬೇಗ ಇಳಿಯುತ್ತದೆ. ಬೆಳಕು ಕಂಡು ಕದಿಯುವವರಿಗೂ ಜಾಗ ಗೊತ್ತಾಗುತ್ತದೆ. ಆನೆ ದಾರಿಯಲ್ಲಿ ಕಬ್ಬಿಣದ ಕವಚವಿಲ್ಲದೆ ಕಟ್ಟಲೇಬಾರದು.

ಗಣತಿಯ ಕ್ರಮದಲ್ಲಿ 2 ಚದರ ಕಿ.ಮೀ.ಗೆ ಒಂದು ಜೋಡಿ ಕ್ಯಾಮೆರಾ, ಕನಿಷ್ಠ 25 ದಿನ. ಹುಲಿ ಓಡಾಡುವ ಕಾಡುದಾರಿಯ ಎರಡೂ ಬದಿಗೆ, ನಡುದಾರಿಯಿಂದ ಮೂರು ಮೂರೂವರೆ ಮೀಟರ್ ದೂರದಲ್ಲಿ, ಮೊಣಕಾಲೆತ್ತರಕ್ಕೆ, ಅಂದರೆ 40ರಿಂದ 45 ಸೆಂ.ಮೀ.ಗೆ ಕಟ್ಟಿ. ಎತ್ತರ ಕಟ್ಟಿದರೆ ಬೆನ್ನು ಸಿಗುತ್ತದೆ, ಪಕ್ಕೆ ಸಿಗುವುದಿಲ್ಲ. ಎರಡನ್ನೂ ನೇರ ಮುಖಾಮುಖಿ ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದರ ಲೆನ್ಸಿಗೆ ಹೊಡೆದು ಚಿತ್ರ ಬಿಳುಚುತ್ತದೆ, ಆದ್ದರಿಂದ ತುಸು ಓರೆಯಾಗಿರಲಿ. ಎರಡರ ಗಡಿಯಾರವನ್ನೂ ಒಟ್ಟಿಗೇ ಹೊಂದಿಸಿ. ಐದು ನಿಮಿಷ ವ್ಯತ್ಯಾಸವಾದರೂ ಎಡ ಬಲ ಮಗ್ಗುಲು ಒಂದೇ ಹುಲಿಯದೆಂದು ಹೇಳುವುದು ಕಷ್ಟ. ಕಟ್ಟಿದ ಮೇಲೆ ಜಾಗದ ಸಂಖ್ಯೆ ಬರೆದ ಹಲಗೆ ಹಿಡಿದು ಮೊದಲ ಚಿತ್ರ ತೆಗೆಯಿರಿ, ಆಮೇಲೆ ಟೆಸ್ಟ್ ಮೋಡಿನಲ್ಲಿಟ್ಟು ಅಂಬೆಗಾಲಿಕ್ಕುತ್ತ ದಾರಿ ದಾಟಿ ನೋಡಿ. ನಿಂತು ನಡೆದು ಪರೀಕ್ಷಿಸಿದರೆ ಮೋಸ ಹೋಗುತ್ತೀರಿ.

ಸೆನ್ಸರಿಗೆ ಗೊತ್ತಾಗುವುದು ಸುತ್ತಲಿಗಿಂತ ಬೇರೆ ಶಾಖದ ವಸ್ತು ಕದಲಿದಾಗ. ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ನೆಲವೇ ಪ್ರಾಣಿಯ ಮೈಯಷ್ಟು ಕಾದಿರುತ್ತದೆ, ಎದುರು ಬಂದದ್ದೂ ತಪ್ಪಿಹೋಗುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೆ ಕಾರ್ಡ್ ತುಂಬ ಖಾಲಿ ಚಿತ್ರ. ಆದಷ್ಟು ಉತ್ತರ ಅಥವಾ ದಕ್ಷಿಣಕ್ಕೆ ಮುಖ ಮಾಡಿ, ಎದುರಿನ ಹುಲ್ಲು, ಲಂಟಾನ ಸವರಿ. ಪ್ರಾಣಿ ಕಂಡ ಅರ್ಧ ಸೆಕೆಂಡಿನೊಳಗೆ ಕ್ಲಿಕ್ ಆಗದ ಮಾಡೆಲ್ ಬೇಡ. ತಡವಾದರೆ ಬರೀ ಬಾಲ ಬರುತ್ತದೆ.

ಇನ್‌ಫ್ರಾರೆಡ್ ಗೆಲ್ಲುವ ಒಂದು ಜಾಗವಿದೆ: ಕರಿಚಿರತೆ. ಬಿಳಿ ಬೆಳಕಿನಲ್ಲಿ ಮಸಿ ಮೆತ್ತಿದ ಹಾಗೆ ಕಾಣುವ ಮೈಮೇಲೆ ಇನ್‌ಫ್ರಾರೆಡ್‌ನಲ್ಲಿ ಚುಕ್ಕೆಗಳು ಒಂದೊಂದಾಗಿ ಎದ್ದು ಬರುತ್ತವೆ. ಮಲೇಷ್ಯಾದ ಸಂಶೋಧಕರು ಕ್ಯಾಮೆರಾದ ಬೆಳಕಿನ ಸೆನ್ಸರ್ ಮುಚ್ಚಿ, ಹಗಲಲ್ಲೂ ಇನ್‌ಫ್ರಾರೆಡ್ ಹೊಡೆಯುವಂತೆ ಮಾಡಿ ಕರಿಚಿರತೆಗಳನ್ನು ಗುರುತಿಸಿದರು. ಚಿಪ್ಪುಹಂದಿ, ಕೂರ, ಪುನುಗು ಬೆಕ್ಕು ಇವೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಿದ್ದರೂ 940 ನ್ಯಾನೊಮೀಟರಿನ, ಕಣ್ಣಿಗೆ ಹೊಳಪು ಕಾಣದ ಒಂಟಿ ಕ್ಯಾಮೆರಾ ಸಾಕು. ಕಡವೆ, ಸೀಳುನಾಯಿಗಳ ಚಿತ್ರ ನೂರು ಬಂದರೂ ಅವು ನೂರು ಪ್ರಾಣಿಯಲ್ಲ. ಮೈಮೇಲೆ ಗುರುತಿಲ್ಲದ್ದನ್ನು ಹೀಗೆ ಎಣಿಸಲಾಗದು. ಮರದ ನೆತ್ತಿಯಲ್ಲೇ ಬದುಕುವ ಅಘನಾಶಿನಿ, ಶರಾವತಿ ಕಣಿವೆಯ ಸಿಂಗಳೀಕಕ್ಕಂತೂ ನೆಲದ ಕ್ಯಾಮೆರಾದಿಂದ ಪ್ರಯೋಜನವಿಲ್ಲ, ನಡೆದೇ ಹುಡುಕಬೇಕು.

ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಕಾಡಿನಲ್ಲಿ ಒಂದು ಕ್ಯಾಮೆರಾವನ್ನೂ ಕಟ್ಟುವಂತಿಲ್ಲ. ಕಾರ್ಡಿನಲ್ಲಿ ಸೌದೆಗೆ ಬಂದ ಹೆಂಗಸರೂ ಇರುತ್ತಾರೆ. ಆ ಚಿತ್ರಗಳು, ಹುಲಿ ಸಿಕ್ಕ ಜಾಗದ ವಿವರ ಎರಡೂ ವಾಟ್ಸ್ಯಾಪ್ ಗುಂಪಿಗೆ ಹೋಗಕೂಡದು.

ನಮ್ಮ ಶಿಫಾರಸು: ಹುಲಿ, ಚಿರತೆ ಎಣಿಕೆಗೆ ಜೆನಾನ್ ಜೋಡಿ, ಜೊತೆಗೆ ಕರಿಚಿರತೆ ಇರುವ ಕಡೆಗೆ ಒಂದೆರಡು ಇನ್‌ಫ್ರಾರೆಡ್. ಮಲೆನಾಡಿನ ತೇವಕ್ಕೆ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ವಾರಕ್ಕೊಮ್ಮೆ ಬಾಗಿಲು ತೆಗೆದು ಇರುವೆ ಗೂಡು ಕಟ್ಟಿದೆಯೇ ನೋಡಿ. ಕೊಂಡ ದಿನವೇ ಬ್ಯಾಟರಿ, ಕಾರ್ಡ್ ತೆಗೆದು, ಒಳಗೆ ಒಣ ಟಿಶ್ಯೂ ಕಾಗದ ಇಟ್ಟು ಮುಚ್ಚಿ, ಹತ್ತು ನಿಮಿಷ ಪೈಪಿನಿಂದ ಮಳೆಯ ಹಾಗೆ ನೀರು ಬಿಡಿ. ಕಾಗದದ ಒಂದು ಮೂಲೆ ಒದ್ದೆಯಾಗಿದ್ದರೂ ಅದನ್ನು ವಾಪಸ್ ಮಾಡಿ.